ಹನ್ನೊಂದು ದಿನದ ಪುಸ್ತಕ

ಅಂಟಜ್ಜ ಎಂದು ಹೆಸರಿಟ್ಟವಳು ಮೊಮ್ಮಗಳು. ಅದಕ್ಕೂ ಮೊದಲು ನಲವತ್ತೊಂದು ವರ್ಷ ಅವನನ್ನು ಎಲ್ಲರೂ ಬೈಂಡರ್ ಎಂದೇ ಕರೆದಿದ್ದರು. ಮುದ್ರಣಾಲಯದ ಹಿಂಬದಿಗೆ ಒಂದೇ ಕಿಟಕಿಯಿದ್ದ ಉದ್ದನೆಯ ಕೋಣೆ ಅವನದು. ಅಚ್ಚಾಗಿ ಬಂದ ಹಾಳೆಗಳನ್ನು ಮಡಿಸಿ, ಜೋಡಿಸಿ, ದಬ್ಬಣದಿಂದ ತೂತು ಹಾಕಿ, ಮೇಣ ಸವರಿದ ದಾರದಿಂದ ಹೊಲಿದು, ಬೆನ್ನಿಗೆ ಅಂಟು ಬಳಿದು, ರಟ್ಟು ಕೂಡಿಸಿ ಹೊರಗೆ ಕಳಿಸುವುದು ಅವನ ಕೆಲಸ. ಪುಸ್ತಕವನ್ನು ಎರಡು ಬೆರಳ ನಡುವೆ ಹಿಡಿದರೆ ಸಾಕು, ಎಷ್ಟು ಪುಟವೆಂದು ಹೇಳಿಬಿಡುತ್ತಿದ್ದ. ಒಳಗೇನಿದೆ ಎಂದು ಕೇಳಿದರೆ ಮಾತ್ರ ಕೈ ಅಲ್ಲಾಡಿಸುತ್ತಿದ್ದ. “ಒಳಗಿನದು ಓದೋರಿಗೆ ಬಿಟ್ಟಿದ್ದು. ಕಳಚಿ ಬೀಳದ ಹಾಗೆ ನೋಡ್ಕೊಳ್ಳೋದಷ್ಟೇ ನಂದು.” ದಿನಕ್ಕೆ ಅವನು ಆಡುತ್ತಿದ್ದ ಮಾತುಗಳಲ್ಲಿ ಅದೇ ಉದ್ದನೆಯದು.

ಹೆಂಡತಿ ತೀರಿಕೊಂಡ ವರ್ಷವೇ ಕೆಲಸದಿಂದಲೂ ಬಿಡುಗಡೆಯಾಯಿತು. ಮಗಳು ಬಂದು, “ಒಬ್ಬನೇ ಕೂತು ಗೋಡೆ ನೋಡೋದು ಬೇಡ, ನಡಿ” ಎಂದು ಎಬ್ಬಿಸಿಕೊಂಡು ಹೋದಳು. ಬೀಗ ರಿಪೇರಿ ಅಂಗಡಿಯ ಮೇಲೆ ಮೂರು ಕೋಣೆಯ ಮನೆ. ಮಗಳು ಔಷಧಿ ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯ ತನಕ ನಿಲ್ಲುವವಳು. ಅಳಿಯ ಬ್ರೆಡ್ ಕಾರ್ಖಾನೆಯ ಒಲೆ ನೋಡಿಕೊಳ್ಳುವವ. ನಸುಕಿಗೆ ಮುಂಚೆ ಹೋಗಿ ಮಧ್ಯಾಹ್ನಕ್ಕೆ ಮೈತುಂಬ ಹಿಟ್ಟು ಮೆತ್ತಿಕೊಂಡು ಬಂದು ಮಲಗುತ್ತಿದ್ದ. ಅಂಟಜ್ಜ ತನ್ನ ತಗಡಿನ ಟ್ರಂಕನ್ನು ಹಿಂದಿನ ಕೋಣೆಯ ಕಿಟಕಿಯ ಕೆಳಗಿಟ್ಟು, ಅದರ ಮೇಲೊಂದು ಬಟ್ಟೆ ಹೊದಿಸಿದ. ಒಳಗೆ ಅವನ ದಬ್ಬಣಗಳು, ಕತ್ತರಿ, ಕಾಗದದ ಮಡಿಕೆ ಒತ್ತುವ ಮೂಳೆಯ ಪಟ್ಟಿ, ರಟ್ಟಿಗೆ ಹೊದಿಸುವ ಕ್ಯಾಲಿಕೋ ಬಟ್ಟೆಯ ತುಂಡುಗಳು ಇದ್ದವು. ಅವನ್ನು ಮತ್ತೆ ತೆಗೆಯುವ ಯೋಚನೆ ಅವನಿಗಿರಲಿಲ್ಲ.

ತೆಗೆಸಿದವಳು ಕಡ್ಡಿ. ಆರು ತುಂಬಿ ಏಳಕ್ಕೆ ಬಿದ್ದಿದ್ದ ಮೊಮ್ಮಗಳು ಮೈಯಲ್ಲೂ ಕಡ್ಡಿ, ಮಾತಾಡುವುದೂ ಕಡ್ಡಿ ಮುರಿದ ಹಾಗೆ; ಹೆಸರು ಎರಡಕ್ಕೂ ಹೊಂದಿಕೊಂಡು ನಿಂತಿತ್ತು. ಒಂದು ಮಧ್ಯಾಹ್ನ ಶಾಲೆಯಿಂದ ಬಂದವಳು ಬೆನ್ನು ಕಿತ್ತುಹೋದ ಪಾಠದ ಪುಸ್ತಕವನ್ನು ಅವನ ಮುಂದೆ ಹಿಡಿದಳು.

“ಅಜ್ಜ, ನಿಂಗೆ ಇದು ಬರುತ್ತಂತೆ. ಅಮ್ಮ ಹೇಳಿದ್ಲು.”

“ಬರುತ್ತಿತ್ತು.”

“ಈಗ ಮರೆತುಹೋಯ್ತಾ?”

ಅವನಿಗೆ ರೋಷ ಬಂತೋ ನಗು ಬಂತೋ, ಟ್ರಂಕಿನ ಮೇಲಿನ ಬಟ್ಟೆ ಎಳೆದ. ಅಡುಗೆಮನೆಯಲ್ಲಿ ಮೈದಾ ಕಲಸಿ ಸಣ್ಣ ಉರಿಯಲ್ಲಿ ಕಾಯಿಸಿ ಅಂಟು ಮಾಡಿದ. ಅದು ಗಂಟಾಗದ ಹಾಗೆ ಕೈಯಾಡಿಸುತ್ತಲೇ ಇರಬೇಕು. ಆ ಕೆಲಸ ಕಡ್ಡಿಯದಾಯಿತು. ಅರ್ಧ ಅಂಟು ಪುಸ್ತಕಕ್ಕೆ ಹೋಯಿತು, ಉಳಿದರ್ಧ ಅವಳ ಮೊಣಕೈಗೆ, ಕೂದಲಿಗೆ, ಕುರ್ಚಿಗೆ. “ಅಂಟಿಗೆ ಅವಸರ ಅಂದ್ರೆ ಆಗಲ್ಲ ಕಣೇ” ಎಂದ ಅವನು. ಸಂಜೆ ಮಗಳು ಬಂದಾಗ ಇಬ್ಬರೂ ಬೆರಳುಗಳಿಂದ ಒಣಗಿದ ಅಂಟನ್ನು ಸಿಪ್ಪೆ ಸಿಪ್ಪೆಯಾಗಿ ಬಿಡಿಸುತ್ತ ಕೂತಿದ್ದರು. ಅಂಟಜ್ಜ ಎಂಬ ನಾಮಕರಣ ಅವತ್ತೇ ಆದದ್ದು.

ಆಮೇಲೆ ಮಧ್ಯಾಹ್ನಗಳೆಲ್ಲ ಅವರಿಬ್ಬರವೇ. ಅಳಿಯ ಮುಂದಿನ ಕೋಣೆಯಲ್ಲಿ ಮಲಗಿರುತ್ತಿದ್ದುದರಿಂದ ಪಿಸುಮಾತಿನಲ್ಲೇ ಕೆಲಸ. ಮೊದಲು ಮುಚ್ಚಳವಿರುವ ಪೆಟ್ಟಿಗೆ ಮಾಡಿದರು, ಆಮೇಲೆ ಎಳೆದರೆ ಉದ್ದವಾಗುವ ಮಡಿಕೆಯ ಪುಸ್ತಕ, ಆಮೇಲೆ ಒಂದು ಬೀದಿಯನ್ನೇ ಮಾಡಿದರು. ರಟ್ಟಿನ ಬೀಗದ ಅಂಗಡಿ, ರಟ್ಟಿನ ಔಷಧಿ ಅಂಗಡಿ. ಅದರ ಕಿಟಕಿಯಲ್ಲಿ ಬೆಂಕಿಕಡ್ಡಿಯಷ್ಟು ಎತ್ತರದ ಅಮ್ಮ. ಕ್ಯಾಲಿಕೋ ತುಂಡುಗಳಿಂದ ಕಡ್ಡಿ ಹೊಲಿದ ಬೆಕ್ಕಿಗೆ ಐದು ಕಾಲು ಬಂದವು. “ಒಂದು ಸ್ಪೇರ್” ಎಂದಳು. ಅಂಟಜ್ಜನಿಗೆ ನಗು ತಡೆಯಲಾಗಲಿಲ್ಲ. ಬಾಯಿಗೆ ಟವೆಲ್ ಅಡ್ಡ ಹಿಡಿದು ನಕ್ಕ. ನಲವತ್ತೊಂದು ವರ್ಷ ಲಕ್ಷಗಟ್ಟಲೆ ಪುಸ್ತಕ ಕಟ್ಟಿದ್ದವನು ತನಗಾಗಿ ಒಂದನ್ನೂ ಕಟ್ಟಿರಲಿಲ್ಲ. ಯಾರೂ ಕೇಳದ, ಯಾರಿಗೂ ಬೇಡದ ವಸ್ತುವನ್ನು ಸುಮ್ಮನೆ ಖುಷಿಗೆ ಮಾಡುವುದರಲ್ಲಿ ಇಷ್ಟು ಸುಖವಿದೆಯೆಂದು ಅವನಿಗೆ ಗೊತ್ತಾದದ್ದು ಅರವತ್ತೆಂಟರ ಮೇಲೆ.

ಮರುವರ್ಷ ಮಗಳು ಮತ್ತೆ ಬಸುರಿಯಾದಳು. ಬರುವ ಮಗುವಿಗೆಂದು ಇಬ್ಬರೂ ಕಾಗದದ ಮೀನುಗಳನ್ನು ಮಾಡಿ ತೊಟ್ಟಿಲ ಮೇಲೆ ದಾರದಲ್ಲಿ ತೂಗುಹಾಕಿದರು. ಮಗು ಏಳು ವಾರ ಮೊದಲೇ ಹುಟ್ಟಿತು. ಹೆಣ್ಣು. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಹನ್ನೊಂದು ದಿನ ಇತ್ತು, ಹನ್ನೊಂದನೆಯ ದಿನ ಮಧ್ಯಾಹ್ನ ಹೋಯಿತು. ಆ ವಾರ್ಡಿಗೆ ಮಕ್ಕಳನ್ನು ಬಿಡುತ್ತಿರಲಿಲ್ಲವಾದ್ದರಿಂದ ಕಡ್ಡಿ ತನ್ನ ತಂಗಿಯನ್ನು ಒಮ್ಮೆಯೂ ನೋಡಲಿಲ್ಲ.

ಮನೆಗೆ ಬಂದ ಮೇಲೆ ಮಗಳು ಮೀನುಗಳನ್ನು ತಾನೇ ಬಿಚ್ಚಿದಳು. ಅಳಿಯ ತೊಟ್ಟಿಲನ್ನು ಹೆಗಲ ಮೇಲೆ ಹೊತ್ತುಕೊಂಡು ಎಲ್ಲಿಗೋ ಕೊಟ್ಟುಬಂದ. ಯಾರೂ ಯಾರಿಗೂ ಹೇಳಿಕೊಡದಿದ್ದರೂ ಆ ಮಾತು ಎತ್ತಬಾರದು ಎನ್ನುವುದು ಮನೆಯ ಕಟ್ಟಳೆಯಾಯಿತು. ಮಗಳು ಕೆಲಸಕ್ಕೆ ಹೋದಳು, ಬಂದಳು, ಅಡುಗೆ ಮಾಡಿದಳು. ತಟ್ಟೆಗಳ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿಲ್ಲ. ನಾಲ್ಕು ಜನ ಇದ್ದ ಮನೆಯಲ್ಲಿ ನಾಲ್ವರೂ ಬೇರೆ ಬೇರೆ ಊರಲ್ಲಿದ್ದ ಹಾಗೆ.

ಎರಡು ತಿಂಗಳು ಹೀಗೇ ಕಳೆಯಿತು. ಒಂದು ಮಧ್ಯಾಹ್ನ ಕಡ್ಡಿ ರಟ್ಟು ಕತ್ತರಿಸುತ್ತಿದ್ದವಳು ತಲೆಯೆತ್ತದೆ ಕೇಳಿದಳು.

“ಅಜ್ಜ, ಪಾಪು ಎಷ್ಟುದ್ದ ಇತ್ತು?”

ಅಂಟಜ್ಜನ ಕೈಯ ಕುಂಚ ನಿಂತಿತು. ‘ಅದೆಲ್ಲ ಯಾಕೀಗ’ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದು ಅವನಿಗೆ ಹೊಸ ಮಾತಲ್ಲ. ಅವನ ಜೀವನವನ್ನೆಲ್ಲ ಅದೇ ಮಾತು ನಡೆಸಿತ್ತು.

ಈ ಮಗಳು ಹುಟ್ಟುವ ಮುಂಚೆ ಅವನಿಗೊಬ್ಬ ಮಗನಿದ್ದ. ಎರಡು ವರ್ಷದವನು, ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟ. ನಾಲ್ಕನೆಯ ದಿನ ಅವನು ಕೆಲಸಕ್ಕೆ ಹೋಗಿ ಹಾಳೆ ಮಡಿಸಿದ. ಹೆಂಡತಿ ಎಷ್ಟೋ ಸಲ ಬಾಯಿ ತೆರೆದಳು. ಒಲೆ ಮುಂದೆ ಕೂತು, ಬಟ್ಟೆ ಒಣಹಾಕುತ್ತ, “ಅವನಿದ್ದಿದ್ರೆ ಈಗ...” ಎಂದು ಶುರು ಮಾಡುತ್ತಿದ್ದಳು. ಅವನು “ಬಿಡು, ಅದೆಲ್ಲ ಯಾಕೀಗ” ಎಂದು ಎದ್ದುಹೋಗುತ್ತಿದ್ದ. ಗಟ್ಟಿತನ ಅಂದರೆ ಅದೇ ಎಂದುಕೊಂಡಿದ್ದ. ವರ್ಷ ಕಳೆದ ಹಾಗೆ ಅವಳೂ ಕೇಳುವುದನ್ನು ಬಿಟ್ಟಳು. ಕೊನೆಯ ಕಾಯಿಲೆಯಲ್ಲಿ, ಮಾತು ತೊದಲುವಾಗ, ಅವಳು ಆ ಹುಡುಗನ ಹೆಸರನ್ನು ಎರಡು ಸಲ ಕರೆದಳು. ಆಗಲೂ ಅವನು ಅವಳ ಹೊದಿಕೆ ಸರಿಮಾಡಿದ, ಅಷ್ಟೇ. ಅವಳನ್ನು ಕಳಿಸಿ ಬಂದ ಮೇಲೆ ಖಾಲಿ ಮನೆಯಲ್ಲಿ ಕೂತಾಗ ಅವನಿಗೆ ಹೊಳೆಯಿತು: ಆ ಹುಡುಗನನ್ನು ಕಂಡಿದ್ದವರು ಇನ್ನು ಲೋಕದಲ್ಲಿ ತಾನೊಬ್ಬನೇ, ಹಂಚಿಕೊಳ್ಳಲು ಇದ್ದೊಬ್ಬಳನ್ನೂ ತಾನೇ ಬಾಯಿ ಮುಚ್ಚಿಸಿ ಕಳಿಸಿದ್ದೆ ಎಂದು.

ಅಂಟಜ್ಜ ಕುಂಚ ಕೆಳಗಿಟ್ಟ. ಮೂಳೆಪಟ್ಟಿಯನ್ನು ಮೇಜಿನ ಮೇಲೆ ಅಡ್ಡಹಾಕಿ, ತುದಿಗೆ ಬೆರಳಿಟ್ಟು, ಮತ್ತೊಮ್ಮೆ ಅಡ್ಡಹಾಕಿದ.

“ಇದರ ಎರಡರಷ್ಟು. ಒಂಚೂರು ಕಮ್ಮಿ.”

ಕಡ್ಡಿ ಪೆನ್ಸಿಲಿನಿಂದ ಅಷ್ಟುದ್ದದ ಗೆರೆ ಎಳೆದಳು. ಅದರ ಪಕ್ಕದಲ್ಲಿ ತನ್ನ ತೋಳನ್ನಿಟ್ಟು ನೋಡಿದಳು. “ಕೂದಲಿತ್ತಾ?”

“ಇತ್ತು. ಹೂವಿನ ಒಳಗಿರುತ್ತಲ್ಲ, ಅಂಥದ್ದು.”

“ಎಷ್ಟು ದಿನ ಇತ್ತು?”

“ಹನ್ನೊಂದು.”

“ಹಾಗಾದ್ರೆ ಹನ್ನೊಂದು ಹಾಳೆ. ದಿನಕ್ಕೊಂದು. ದೊಡ್ಡವರದ್ದೆಲ್ಲ ಪುಸ್ತಕ ಬರುತ್ತೆ, ಪಾಪುಗೆ ಯಾಕಿಲ್ಲ?”

ಅಂಟಜ್ಜ ಕಾಗದ ತೆಗೆದ.

ಮೂರು ವಾರ ಹಿಡಿಯಿತು. ಅಂಟಜ್ಜ ಹೇಳುವುದು, ಕಡ್ಡಿ ಬರೆಯುವುದು, ಬಣ್ಣ ಹಾಕುವುದು. ಮೊದಲ ಹಾಳೆಯಲ್ಲಿ ಆಸ್ಪತ್ರೆಯ ಮೆಟ್ಟಿಲು, ಅದರ ಮೇಲೆ ಊಟದ ಡಬ್ಬಿ ಹಿಡಿದು ನಿಂತ ಅಜ್ಜ. ಮೂರನೆಯದರಲ್ಲಿ ಗಾಜಿನ ಪೆಟ್ಟಿಗೆ. ಅದರ ಮೇಲೆ ಬಿದ್ದ ದೀಪದ ಬೆಳಕಿಗೆ ಯಾವ ಬಣ್ಣವೆಂದು ಅರ್ಧ ಗಂಟೆ ಚರ್ಚೆ. ನಾಲ್ಕನೆಯ ದಿನಕ್ಕೆ ಹೇಳುವಂಥದ್ದೇನೂ ಇರಲಿಲ್ಲ. “ಪಾಪು ಇವತ್ತೂ ಕಣ್ಣು ಬಿಡಲಿಲ್ಲ” ಎಂದು ಬರೆಸಿದ. ಐದನೆಯ ದಿನ ನರ್ಸಮ್ಮ ಅವನ ಕೈ ತೊಳೆಸಿ, ಪೆಟ್ಟಿಗೆಯ ಕಿಂಡಿಯೊಳಗೆ ಒಂದು ಬೆರಳು ಹಾಕಲು ಬಿಟ್ಟಿದ್ದಳು. ಮಗು ಆ ಬೆರಳನ್ನು ಹಿಡಿದಿತ್ತು. ಕಡ್ಡಿ ಅವನ ಬೆರಳನ್ನು ಎಳೆದು ಕಾಗದದ ಮೇಲಿಟ್ಟು ಸುತ್ತ ಗೆರೆ ಹಾಕಿದಳು. ಉಗುರಿನ ಸಂದಿಯಲ್ಲಿದ್ದ ಅಂಟನ್ನೂ ಬಿಡದೆ ಬರೆದಳು.

ಎಂಟನೆಯ ಹಾಳೆಯಲ್ಲಿ ಕಡ್ಡಿಯ ಬಿದ್ದ ಹಲ್ಲು ಬಂತು.

“ನಿನ್ನ ಹಲ್ಲು ಪಾಪು ಪುಸ್ತಕದಲ್ಲಿ ಯಾಕೆ ಬಂತೇ?”

“ಪಾಪು ಇದ್ದಾಗ್ಲೇ ಬಿದ್ದಿದ್ದಲ್ವಾ? ಆಮೇಲೆ ಬಿದ್ದಿದ್ರೆ ಹಾಕ್ತಿರ್ಲಿಲ್ಲ.”

ಹನ್ನೊಂದನೆಯದಕ್ಕೆ ಬಂದಾಗ ಕಡ್ಡಿ ಪೆನ್ಸಿಲನ್ನು ಚೂಪು ಮಾಡಿಕೊಂಡಳು. “ಅವತ್ತು ಏನು ನೋಡಿದೆ ಅಜ್ಜ?” ಎಂದಳು.

“ಏನೂ ನೋಡ್ಲಿಲ್ಲ. ನಿಮ್ಮಪ್ಪ ಕಿಟಕಿ ಕಡೆ ತಿರುಗಿ ನಿಂತಿದ್ದ. ಅವನ ಬೆನ್ನು ನೋಡಿದೆ.”

ಕಡ್ಡಿ ಅಪ್ಪನ ಬೆನ್ನನ್ನೇ ಬರೆದಳು. ಹಾಳೆಯ ತುಂಬ ಬರೀ ಒಂದು ಬೆನ್ನು, ಬಿಳಿಯ ಅಂಗಿ, ಹೆಗಲ ಮೇಲೆ ಸ್ವಲ್ಪ ಹಿಟ್ಟು.

ಕಟ್ಟುವಾಗ ಅಂಟಜ್ಜ ಇದ್ದಬದ್ದ ಕೈಚಳಕವನ್ನೆಲ್ಲ ಹಾಕಿದ. ಮಡಿಸಿದ ಹಾಳೆ ಯಾವಾಗಲೂ ಜೋಡಿಯಾಗಿ ಬರುವುದರಿಂದ ಹನ್ನೊಂದನೆಯದನ್ನು ಒಂಟಿಯಾಗಿಯೇ ಅಂಚಿಗೆ ಅಂಟು ಸವರಿ ಕೂಡಿಸಿದ. ದಾರ ಎಳೆಯುವಾಗ ಕಡ್ಡಿಗೆ ಕೊಟ್ಟ. “ಬಿಗಿಯಾಗ್ಬೇಕು, ಆದ್ರೆ ಕಾಗದ ಹರೀಬಾರ್ದು. ಅದು ಕೈಗೇ ಗೊತ್ತಾಗುತ್ತೆ.” ನೀಲಿ ಕ್ಯಾಲಿಕೋ ಹೊದಿಸಿ, ಎರಡು ಹಲಗೆಗಳ ನಡುವೆ ಇಟ್ಟು, ಮೇಲೆ ಇಸ್ತ್ರಿಪೆಟ್ಟಿಗೆ ಹೇರಿ ಒಣಗಲು ಬಿಟ್ಟರು. ಪುಸ್ತಕ ಮುಗಿದ ಮೇಲಿನ ಮಾತನ್ನು ಇಬ್ಬರೂ ಆಡಿರಲಿಲ್ಲ: ಇದನ್ನು ಯಾರಿಗೆ ತೋರಿಸುವುದು ಎಂದು.

ಅದನ್ನು ಅವರು ತೀರ್ಮಾನಿಸಬೇಕಾಗಿ ಬರಲಿಲ್ಲ. ಮರುದಿನ ಮಗಳು ತಲೆನೋವೆಂದು ಬೇಗ ಬಂದಳು. ಅಂಗಿಗೆ ಇಸ್ತ್ರಿ ಹಾಕಲು ಪೆಟ್ಟಿಗೆ ಎತ್ತಿದಳು. ಹಲಗೆ ಸರಿಸಿದಳು. ನಿಂತಲ್ಲೇ ಮೂರು ಹಾಳೆ ತಿರುವಿದಳು, ನಾಲ್ಕನೆಯದಕ್ಕೆ ಹೋಗಲಿಲ್ಲ.

“ಇದೇನಪ್ಪ? ಆಟದ ಸಾಮಾನಾ ಇದು?”

“ಆಟ ಅಲ್ಲಮ್ಮ” ಎಂದಳು ಕಡ್ಡಿ.

“ನೀನು ಒಳಗೆ ಹೋಗು.” ಕಡ್ಡಿ ಬಾಗಿಲ ತನಕ ಹೋಗಿ ನಿಂತಳು. ಮಗಳು ಅಪ್ಪನ ಕಡೆ ತಿರುಗಿದಳು. ಅವಳ ಧ್ವನಿ ಏರಲಿಲ್ಲ, ಅದೇ ಅವನಿಗೆ ಹೆಚ್ಚು ನಾಟಿತು. “ಅಣ್ಣನ ಹೆಸರು ನಿನ್ನ ಬಾಯಲ್ಲಿ ಒಂದು ದಿನ ಬಂದಿತ್ತಾ? ಅಮ್ಮ ಕಾದಳು. ನಿನಗೆ ಗೊತ್ತಾಗದ ಹಾಗೆ ನನ್ನ ಹತ್ರ ಹೇಳ್ಕೊಂಡು ಅಳ್ತಿದ್ಲು. ‘ನಿಮ್ಮಪ್ಪನಿಗೆ ಹೇಳ್ಬೇಡ, ಸಂಕಟ ಪಡ್ತಾರೆ’ ಅಂತಿದ್ಲು. ಅವಳಿಗೆ ಕೊಡದೆ ಇದ್ದ ಮಾತನ್ನ ಈಗ ನನ್ನ ಮಗುವಿನ ಮೇಲೆ ಬಣ್ಣ ಹಚ್ಚಿ ಬರೀತೀಯಾ?”

ಅಂಟಜ್ಜ ಮೇಜಿನ ಅಂಚು ಹಿಡಿದುಕೊಂಡ. ಹೆಂಡತಿ ಅಳುತ್ತಿದ್ದುದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ.

“ಅದಕ್ಕೇ” ಎಂದ. ಅಷ್ಟೇ ಬಂದದ್ದು.

ಮಗಳು ಪುಸ್ತಕ ತೆಗೆದುಕೊಂಡು ಹೋದಳು. ಬೀರು ತೆರೆದ ಸದ್ದು, ಮುಚ್ಚಿದ ಸದ್ದು.

ಆ ವಾರ ಅಡುಗೆಮನೆಯಲ್ಲಿ ಅಂಟು ಕಾಯಲಿಲ್ಲ. ಅಂಟಜ್ಜ ಕಿಟಕಿಯ ಹತ್ತಿರ ಕೂತು ಕೆಳಗೆ ಬೀಗದವನು ಕೀಲಿಕೈ ಉಜ್ಜುವುದನ್ನು ಕೇಳುತ್ತಿದ್ದ. ಮಾತಾಡದೆ ಕೆಟ್ಟೆ, ಈಗ ಮಾತಾಡಿಯೂ ಕೆಟ್ಟೆ ಎಂದು ಅವನ ಲೆಕ್ಕ. ತನ್ನ ಊರಿನ ಹಳೆಯ ಮನೆಗೆ ಬಾಡಿಗೆಗೆ ಯಾರಾದರೂ ಬಂದಿರಬಹುದೇ, ಇಲ್ಲದಿದ್ದರೆ ಅಲ್ಲಿಗೇ ಹೋಗಿಬಿಡಲೇ ಎಂದೂ ಯೋಚಿಸಿದ. ಕಡ್ಡಿ ಮಾತ್ರ ದಿನಾ ಬಂದು ಅವನ ಕಾಲ ಬಳಿ ಕೂತು ಹಳೆಯ ಪತ್ರಿಕೆಗಳನ್ನು ಸುಮ್ಮನೆ ಮಡಿಸುತ್ತಿದ್ದಳು. ಮಡಿಕೆಗಳು ನೇರವಾಗಿ ಬರುತ್ತಿದ್ದವು. ಅವನು ಅದನ್ನು ಗಮನಿಸಿದ.

ಭಾನುವಾರ ಕಾರ್ಖಾನೆಗೆ ರಜೆಯಿರಲಿಲ್ಲ. ಅಳಿಯ ಹನ್ನೆರಡಕ್ಕೆ ಬಂದ. ಬೀರುವಿನಲ್ಲಿ ಒಗೆದ ಅಂಗಿ ಹುಡುಕಲು ಹೋದವನು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಮಗಳು ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದಳು. ಆಮೇಲೆ ಅಳಿಯ ಹಿಂದಿನ ಕೋಣೆಯ ಬಾಗಿಲಲ್ಲಿ ಬಂದು ನಿಂತ. ಅಂಗಿ ಬದಲಿಸಿರಲಿಲ್ಲ, ಮುಂಗೈ ತನಕ ಹಿಟ್ಟು. ನೀಲಿ ಪುಸ್ತಕಕ್ಕೆ ಹಿಟ್ಟು ತಾಗಬಾರದೆಂದು ಅದನ್ನು ಟವೆಲಿನಲ್ಲಿ ಹಿಡಿದಿದ್ದ.

“ನನ್ನ ಬೆನ್ನು ಹೀಗೆ ಕಾಣ್ತಿತ್ತಾ ಮಾವ?”

ಅಂಟಜ್ಜ ತಲೆಯಾಡಿಸಿದ.

“ಯಾರೂ ನೋಡ್ತಿಲ್ಲ ಅಂದ್ಕೊಂಡಿದ್ದೆ.” ಅಳಿಯ ಟ್ರಂಕಿನ ಮೇಲೆ ಕೂತ. ಕಡ್ಡಿ ಅಪ್ಪನನ್ನೇ ನೋಡುತ್ತಿದ್ದಳು. ಅವನು ಹಾಳೆಗಳನ್ನು ಹಿಂದಕ್ಕೆ ತಿರುವಿ ಒಂದರ ಮೇಲೆ ಬೆರಳಿಟ್ಟ. “ಇದು ತಪ್ಪು. ನಾಲ್ಕನೇ ದಿನ. ಕಣ್ಣು ಬಿಡಲಿಲ್ಲ ಅಂತ ಬರೆದಿದ್ದೀರಿ. ಬಿಟ್ಟಿದ್ಲು. ನೀವು ಡಬ್ಬಿ ಕೊಟ್ಟು ಹೋದ ಮೇಲೆ. ನಾನು ನೋಡಿದೆ.”

“ಎರಡೂ ಕಣ್ಣಾ?” ಎಂದಳು ಕಡ್ಡಿ.

ಅಡುಗೆಮನೆಯಲ್ಲಿ ಚಾಕುವಿನ ಸದ್ದು ನಿಂತಿತ್ತು.

“ಎಡಗಣ್ಣು ಮೊದಲು” ಎಂದಿತು ಅಲ್ಲಿಂದ ಮಗಳ ಧ್ವನಿ. “ಬಲಗಣ್ಣಿಗೆ ಇನ್ನೂ ಸ್ವಲ್ಪ ಹೊತ್ತು ಬೇಕಾಯ್ತು. ಆಮೇಲೆ ನನ್ನನ್ನ ನೋಡಿದ್ಲು.”

ಅವಳು ಬಾಗಿಲಿಗೆ ಬರುವ ಹೊತ್ತಿಗೆ ಅಳಿಯ ಟವೆಲಿನಲ್ಲಿ ಮುಖ ಮುಚ್ಚಿಕೊಂಡಿದ್ದ. ಮಗಳು ಅವನ ಪಕ್ಕದಲ್ಲೇ ಕೂತಳು. ಮೂರು ತಿಂಗಳಲ್ಲಿ ಅವರಿಬ್ಬರೂ ಒಟ್ಟಿಗೆ ಅತ್ತದ್ದು ಅವತ್ತೇ ಮೊದಲು. ಕಡ್ಡಿ ಎದ್ದು ಹೋಗಿ ಇಬ್ಬರ ನಡುವೆ ಜಾಗ ಮಾಡಿಕೊಂಡಳು.

ತಪ್ಪು ತಿದ್ದುವುದಕ್ಕೆ ದಾರಿಯಿತ್ತು. ಹಳೆಯ ಹಾಳೆಯನ್ನು ಬುಡದಲ್ಲಿ ಬೆರಳಗಲ ಉಳಿಸಿ ಕತ್ತರಿಸಿ, ಆ ಉಳಿದ ಅಂಚಿಗೆ ಹೊಸದನ್ನು ಕೂಡಿಸಬೇಕು. ಅವತ್ತೇ ಅಂಟು ಕಾಯಿಸಿದರು. ಮಗಳು ಹೇಳಿದಳು, ಕಡ್ಡಿ ಬರೆದಳು. ಕಣ್ಣಿನ ಬಣ್ಣದ ಬಗ್ಗೆ ಗಂಡಹೆಂಡತಿಗೆ ವಾದವೇ ಆಯಿತು, ಕೊನೆಗೆ ಅಮ್ಮನ ಮಾತು ನಿಂತಿತು. ಬೇರೆ ದಿನಗಳಿಗೂ ಸೇರಿಸುವುದಿತ್ತು. ಏಳನೆಯ ದಿನ ಮಗುವಿಗೆ ಬಿಕ್ಕಳಿಕೆ ಬಂದದ್ದು, ಒಂಬತ್ತನೆಯ ದಿನ ಮಗಳು ಗಾಜಿನ ಪಕ್ಕ ಕೂತು ಅವಳಿಗೆ ಮನೆಯ ಒಂದೊಂದೇ ಕೋಣೆಯನ್ನು ಬಾಯಲ್ಲೇ ತೋರಿಸಿದ್ದು. ಇದ್ಯಾವುದೂ ಅಂಟಜ್ಜನಿಗೆ ಗೊತ್ತಿರಲಿಲ್ಲ. ಕಡ್ಡಿಯಂತೂ ತಂಗಿಗೆ ಬಿಕ್ಕಳಿಕೆ ಬಂದಿತ್ತೆಂಬ ಸುದ್ದಿಯನ್ನು ಬಹುದೊಡ್ಡ ವಿಷಯವೆಂಬಂತೆ ಶಾಲೆಯಲ್ಲೆಲ್ಲ ಹೇಳಿಕೊಂಡು ಬಂದಳು.

ಮನೆಯ ದುಃಖ ಅದರಿಂದ ಕಮ್ಮಿಯಾಯಿತೆಂದು ಹೇಳುವ ಹಾಗಿಲ್ಲ. ಮಗಳು ಔಷಧಿ ಅಂಗಡಿಯಲ್ಲಿ ಎಳೆಕೂಸುಗಳ ಹಾಲಿನಪುಡಿಯ ಡಬ್ಬಿ ತೆಗೆದುಕೊಡುವಾಗ ಆಗಾಗ ಕೈ ತಡೆಯುತ್ತಿತ್ತು. ಆದರೆ ಮನೆಗೆ ಬಂದು, “ಇವತ್ತು ಹೀಗಾಯ್ತು” ಎಂದು ಹೇಳುತ್ತಿದ್ದಳು. ಕೇಳುವವರು ಮೂವರಿದ್ದರು.

ಚಳಿ ಶುರುವಾದ ಮೇಲೆ ಒಂದು ಬೆಳಿಗ್ಗೆ, ಕಡ್ಡಿ ಶಾಲೆಗೆ ಹೋಗಿದ್ದಾಗ, ಮಗಳು ರಜೆ ಹಾಕಿ ಅಪ್ಪನ ಎದುರು ಬಂದು ಕೂತಳು.

“ಅಪ್ಪ, ಅಣ್ಣ ಹೇಗಿದ್ದ? ಅಮ್ಮ ಹೇಳಿದ್ದೆಲ್ಲ ನಂಗೆ ಗೊತ್ತು. ನಿಂಗೆ ಗೊತ್ತಿರೋದು ಹೇಳು.”

ಅಂಟಜ್ಜ ಮಗನ ಹೆಸರು ಹೇಳಿದ. ನಲವತ್ತು ವರ್ಷ ಹೊರಗೆ ಬಾರದಿದ್ದ ಹೆಸರು ಕಿವಿಗೆ ಹೊಸದಾಗಿ ಕೇಳಿಸಿ ಅವನೇ ಒಂದು ಗಳಿಗೆ ಬೆಚ್ಚಿದ. ನಡೆಯಲು ಕಲಿತವನು ಮೊದಲು ನಡೆದದ್ದು ನನ್ನ ಚಪ್ಪಲಿಯ ಕಡೆಗೆ ಎಂದ. ಮಲಗಿಸುವಾಗ ನನ್ನ ಕಿವಿಯನ್ನೇ ಹಿಡಿದುಕೊಳ್ಳಬೇಕಿತ್ತು, ಅಮ್ಮನ ಕಿವಿ ಆಗುತ್ತಿರಲಿಲ್ಲ ಎಂದ. ಕಾಗದ ಹರಿದರೆ ಆ ಸದ್ದಿಗೆ ಬಿದ್ದುಬಿದ್ದು ನಗುತ್ತಿದ್ದ, ಅದಕ್ಕೆಂದೇ ಕೆಲಸದಿಂದ ಬರುವಾಗ ರದ್ದಿ ಕಾಗದ ತರುತ್ತಿದ್ದೆ ಎಂದ. ನಡುವೆ ಮಗಳು ನೀರು ತಂದುಕೊಟ್ಟಳು, ಕುಡಿದು, “ಎಲ್ಲಿಗೆ ಬಂದಿದ್ದೆ?” ಎಂದು ಕೇಳಿ ಮುಂದುವರಿಸಿದ. ಜ್ವರದ ಮೂರು ದಿನವನ್ನೂ ಹೇಳಿದ, ನಾಲ್ಕನೆಯ ದಿನ ತಾನು ಕೆಲಸಕ್ಕೆ ಹೋದದ್ದನ್ನೂ ಬಿಡಲಿಲ್ಲ. “ನಿಮ್ಮಮ್ಮ ಬಾಗಿಲಲ್ಲಿ ನಿಂತಿದ್ಲು. ಹೋಗ್ಬೇಡಿ ಅಂತ ಬಾಯಿಬಿಟ್ಟು ಹೇಳ್ಲಿಲ್ಲ. ನಾನು ನೋಡಿದೆ, ಆದ್ರೂ ಹೋದೆ.”

ಮಗಳು ಅವನಿಗೆ ಸಮಾಧಾನ ಹೇಳಲಿಲ್ಲ, ತಪ್ಪೆಂದೂ ಹೇಳಲಿಲ್ಲ. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಕೂತು, “ಆಮೇಲೆ?” ಎಂದಳು. ಅವರಿಬ್ಬರೂ ಊಟದ ನೆನಪಾಗಿ ಎದ್ದಾಗ ಗಂಟೆ ಮೂರು ದಾಟಿತ್ತು.